ಆಧಿಯೂ ವ್ಯಾಧಿಯೂ: ಮಹಾಮಾರಿಯ ಕಾಲದ ತಂದೆತಾಯಿಗಳು ಮತ್ತು ಮಕ್ಕಳು

ನಮ್ಮ ಪೂರ್ವಿಕರು ಮನುಷ್ಯನ ಸಂಕಟವನ್ನು ಹೇಳುವಾಗ ‘ಆಧಿವ್ಯಾಧಿ’ ಎಂದು ಎರಡು ಮಾತುಗಳನ್ನು ಜೊತೆಗೂಡಿಸಿ ಹೇಳುತ್ತಿದ್ದರು. ಶರೀರಕ್ಕೆ ಬರತಕ್ಕದ್ದು ವ್ಯಾಧಿ. ಮನಸ್ಸಿಗೆ ಬರತಕ್ಕದ್ದು ಆಧಿ. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠಮಾಡಿದ ಬಾಲಕನಿಗೂ ಈ ಭೇದವು ಗೊತ್ತಿರುತ್ತದೆ. ಆದರೆ ಮಹಾಮಾರಿಗಳ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ವ್ಯಾಧಿಯ ಲೆಕ್ಕವನ್ನು ಇಟ್ಟರೇ ಹೊರತು ಆಧಿಯ ಲೆಕ್ಕವನ್ನು ಇಡಲಿಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವು ಜನಪದಗಳೇ ನಾಶವಾಗುವ ರೋಗಗಳನ್ನು ಕುರಿತದ್ದು. ಅಲ್ಲಿ ಆತ್ರೇಯನು ಅಗ್ನಿವೇಶನಿಗೆ ವಾಯು, ಜಲ, ದೇಶ, ಕಾಲಗಳು ಕೆಡುವ ಬಗೆಯನ್ನು ವಿವರಿಸುತ್ತಾನೆ. ಅವು ಕೆಡುವುದಕ್ಕೆ ಮನುಷ್ಯನ ಅಧರ್ಮವೇ ಮೂಲವೆನ್ನುತ್ತಾನೆ. ಆದರೆ ಜ್ವರದಿಂದ ಬೇಯುವ ಮಗುವಿನ ಪಕ್ಕದಲ್ಲಿ ಕುಳಿತ ತಾಯಿಯ ಮನಸ್ಸಿನಲ್ಲಿ ಏನು ನಡೆಯುತ್ತದೆಂಬುದನ್ನು ಆ ಅಧ್ಯಾಯವು ವಿಚಾರಿಸುವುದಿಲ್ಲ. ಆಚಾರ್ಯನನ್ನು ಆಕ್ಷೇಪಿಸತಕ್ಕ ಯೋಗ್ಯತೆ ನಮಗಿಲ್ಲ. ಅದು ಆತನ ಪ್ರಕರಣವಲ್ಲವೆಂದಿಷ್ಟೇ ಹೇಳಬಹುದು. ಆ ಬಿಟ್ಟುಹೋದ ಪ್ರಕರಣವನ್ನು ಸ್ವಲ್ಪಮಟ್ಟಿಗಾದರೂ ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆದಿದೆ.

1896ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಪ್ರದೇಶದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಆ ರೋಗದ ಕ್ರಿಮಿಯನ್ನು ಯೆರ್ಸಿನ್ ಎಂಬ ಪಂಡಿತನು ಎರಡು ವರ್ಷ ಮೊದಲೇ ಹಾಂಕಾಂಗಿನಲ್ಲಿ ಕಂಡುಹಿಡಿದಿದ್ದನು. ಇಲಿಯ ಮೈಮೇಲಿನ ಚಿಗಟವೇ ಅದನ್ನು ಹೊತ್ತು ತರುತ್ತದೆಂಬುದನ್ನು ಸೀಮೋಂ ಎಂಬಾತನು ಕಂಡದ್ದು 1898ರಲ್ಲಿ. ನಡುವಣ ವರ್ಷಗಳಲ್ಲಿ ಸರ್ಕಾರದವರಿಗೆ ತಿಳಿದಿದ್ದುದು ಒಂದೇ: ರೋಗಿಯನ್ನು ಮನೆಯವರಿಂದ ಬೇರ್ಪಡಿಸಬೇಕು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾನೂನು ಹುಟ್ಟಿತು. ಆ ಕಾನೂನಿನ ಬಲದಿಂದ ಅಧಿಕಾರಿಗಳು ಯಾವ ಮನೆಯನ್ನಾದರೂ ಹೊಕ್ಕು ಶೋಧಿಸಬಹುದಾಗಿತ್ತು. ರೋಗಿಯನ್ನು ಆಸ್ಪತ್ರೆಗೂ, ಮನೆಯ ಉಳಿದವರನ್ನು ಊರ ಹೊರಗಣ ಶಿಬಿರಕ್ಕೂ ಸಾಗಿಸಬಹುದಾಗಿತ್ತು. ತಾಯಿ ಒಂದು ಕಡೆ, ಕೂಸು ಒಂದು ಕಡೆ. ಪುಣೆಯಲ್ಲಿ ರ‍್ಯಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಗೋರಾ ಸಿಪಾಯಿಗಳೇ ಮನೆಮನೆಯನ್ನು ಹೊಕ್ಕರು. 1897ರ ಜೂನ್ 22ರ ರಾತ್ರಿ ಚಾಪೇಕರ ಸಹೋದರರು ಆತನಿಗೆ ಗುಂಡಿಟ್ಟ ಸಂಗತಿಯು ಸರ್ವವಿದಿತ. ಆ ಗುಂಡಿನ ಶಬ್ದವು ಚರಿತ್ರೆಯ ಪುಸ್ತಕಗಳನ್ನು ತುಂಬಿಕೊಂಡಿರುವುದರಿಂದಲೇ ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಮನೆಗಳೊಳಗೆ ಕೇಳಿಬಂದ ಅಳು ನಮಗೆ ಕೇಳಿಸದಂತಾಗಿದೆ.

ಆ ಅಳುವನ್ನು ಕೇಳಿಸಿಕೊಂಡವರು ಇಲ್ಲದಿರಲಿಲ್ಲ. ಪಂಡಿತಾ ರಮಾಬಾಯಿಯವರು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಜನಿಸಿದವರು. ಹೆಂಡತಿಗೂ ಮಗಳಿಗೂ ಸಂಸ್ಕೃತವನ್ನು ಕಲಿಸಿದುದಕ್ಕಾಗಿ ನಿಂದೆಗೆ ಗುರಿಯಾದ ಅನಂತಶಾಸ್ತ್ರಿಗಳ ಪುತ್ರಿ. ಕ್ಷಾಮಕಾಲದಲ್ಲಿ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡು ತೀರ್ಥದಿಂದ ತೀರ್ಥಕ್ಕೆ ನಡೆದ ಆಕೆಗೆ ಅನಾಥತ್ವವೆಂಬುದು ಪುಸ್ತಕದ ಮಾತಾಗಿರಲಿಲ್ಲ. ತಮ್ಮ ಆಶ್ರಯದಲ್ಲಿದ್ದ ಒಬ್ಬ ಹುಡುಗಿಗೆ ಪ್ಲೇಗಿನ ಆಸ್ಪತ್ರೆಯ ವ್ಯವಸ್ಥೆಯಲ್ಲಿ ಆದ ಗತಿಯನ್ನು ಕುರಿತು 1897ರಲ್ಲಿ ಆಕೆ ಮುಂಬಯಿಯ ಪತ್ರಿಕೆಗೆ ಬಹಿರಂಗವಾಗಿ ಬರೆದರು. ಅದೇ ವರ್ಷದ ಮಾರ್ಚಿಯಲ್ಲಿ ಸಾವಿತ್ರೀಬಾಯಿ ಫುಲೆಯವರು ರೋಗಪೀಡಿತನಾದ ಒಬ್ಬ ಬಾಲಕನನ್ನು ತಮ್ಮ ದತ್ತುಪುತ್ರನ ಚಿಕಿತ್ಸಾಲಯಕ್ಕೆ ಹೊತ್ತು ತಂದು, ತಾವೇ ಆ ರೋಗಕ್ಕೆ ತುತ್ತಾದರು. ಪರರ ಮಗುವನ್ನು ಹೊತ್ತವಳು ತಾಯಿಯಲ್ಲವೆಂದು ಯಾರು ಹೇಳಿಯಾರು?

ಮರುವರ್ಷ, ಎಂದರೆ 1898ರ ಮಾರ್ಚಿಯಲ್ಲಿ, ಮುಂಬಯಿಯ ಮದನಪುರದ ನೇಕಾರರ ಕೇರಿಯಲ್ಲಿ ದೊಡ್ಡ ಗಲಭೆಯಾಯಿತು. ಶೋಧಕರು ಹನ್ನೆರಡು ವರ್ಷದ ಒಬ್ಬ ರೋಗಿಷ್ಠ ಬಾಲಿಕೆಯನ್ನು ಮನೆಯಿಂದ ಕರೆದೊಯ್ಯಲು ಬಂದಾಗ ಮನೆಯವರು ಅಡ್ಡನಿಂತದ್ದೇ ಅದರ ಆರಂಭ. ಸರ್ಕಾರದ ಬರಹಗಳಲ್ಲಿ ಇಂಥ ಘಟನೆಗಳೆಲ್ಲ ಮೂಢನಂಬಿಕೆ, ಅಜ್ಞಾನ, ಗಾಳಿಮಾತು ಎಂಬ ತಲೆಬರಹಗಳ ಕೆಳಗೆ ಬೀಳುತ್ತವೆ. ಗಾಳಿಮಾತುಗಳು ಇದ್ದವೆಂಬುದೂ ನಿಜವೇ. ಆಸ್ಪತ್ರೆಗೆ ಹೋದವರು ಜೀವಂತವಾಗಿ ಬರುವುದಿಲ್ಲವೆಂದೂ, ಅಲ್ಲಿ ಶರೀರದಿಂದ ಎಣ್ಣೆ ತೆಗೆಯುತ್ತಾರೆಂದೂ ಜನರು ಆಡಿಕೊಂಡರು. ಆದರೆ ಆ ಮಾತಿನ ಬೇರನ್ನು ನೋಡಬೇಕು. ಮಗಳನ್ನು ಅಪರಿಚಿತರು ಎತ್ತಿಕೊಂಡು ಹೋಗುತ್ತಾರೆ, ಎಲ್ಲಿಗೆಂಬುದು ಗೊತ್ತಿಲ್ಲ, ಸತ್ತರೆ ಕಡೆಯ ನೀರು ಬಿಡುವುದಕ್ಕೂ ಇಲ್ಲ. ಇಂತಿರಲು ತಂದೆಯಾದವನ ಬುದ್ಧಿಯು ಏನನ್ನು ತಾನೇ ಕಲ್ಪಿಸಿಕೊಳ್ಳದು? ಜನರು ಸಾವಿಗಿಂತ ಹೆಚ್ಚಾಗಿ ಅಗಲಿಕೆಗೆ ಹೆದರಿದರು ಎಂಬುದೇ ನಮ್ಮ ಅಭಿಪ್ರಾಯ. ರೋಗಿಗಳನ್ನು ಅಟ್ಟದಲ್ಲಿಯೂ ಕಣಜದ ಹಿಂದೆಯೂ ಬಚ್ಚಿಟ್ಟದ್ದು ಈ ಹೆದರಿಕೆಯಿಂದ. ಬಚ್ಚಿಟ್ಟದ್ದರಿಂದ ರೋಗವು ಹೆಚ್ಚಿತು. ಆಧಿಯೇ ವ್ಯಾಧಿಯನ್ನು ಬೆಳೆಸಿತು.

ಈ ಅಭಿಪ್ರಾಯಕ್ಕೆ ಆಧಾರವಿಲ್ಲದಿಲ್ಲ. ಮುಂಬಯಿಯಲ್ಲಿ ಆಯಾ ಜಾತಿ ಮತ ಪಂಗಡದವರು ತಮ್ಮವರಿಗಾಗಿ ಬೇರೆ ಆಸ್ಪತ್ರೆಗಳನ್ನು ತೆರೆಯಬಹುದೆಂದೂ, ಬಂಧುಗಳು ರೋಗಿಯ ಬಳಿಯಲ್ಲಿ ಇರಬಹುದೆಂದೂ ಅಧಿಕಾರಿಗಳು ಒಪ್ಪಿದ ಮೇಲೆ, ಹಿಂದೆ ಬಚ್ಚಿಡುತ್ತಿದ್ದ ಜನರೇ ರೋಗಿಗಳನ್ನು ಕರೆತರತೊಡಗಿದರು. ಔಷಧವು ಬದಲಾಗಿರಲಿಲ್ಲ, ಬಾಗಿಲ ಬಳಿ ತಾಯಿಗೆ ಒಂದು ಚಾಪೆಯ ಸ್ಥಳ ದೊರೆತಿತ್ತು, ಅಷ್ಟೇ. 1900ರ ಏಪ್ರಿಲಿನಲ್ಲಿ ಕಾನಪುರದ ಜನರು ಪ್ಲೇಗಿನ ಶಿಬಿರವನ್ನು ಸುಟ್ಟ ಮೇಲೆ ಸರ್ಕಾರದವರು ಬಲಾತ್ಕಾರದ ಮಾರ್ಗದಿಂದ ಬಹುಮಟ್ಟಿಗೆ ಹಿಂಜರಿದರು.

ನಮ್ಮ ಸೀಮೆಯ ವಿಚಾರಕ್ಕೆ ಬರೋಣ. ಹುಬ್ಬಳ್ಳಿಯ ಕಡೆಯಿಂದ ರೈಲುದಾರಿಯನ್ನು ಹಿಡಿದು ಬಂದ ರೋಗವು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಮೈಸೂರು ಸಂಸ್ಥಾನದಲ್ಲಿ ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರಾದರು. ಅವರು ಮುಂದೆ ದಿವಾನರಾದದ್ದು ವಾಚಕರಿಗೆ ತಿಳಿದೇ ಇದೆ. ಕೇರಳದಿಂದ ಬಂದು ಇಲ್ಲಿ ಸೇವೆಯಲ್ಲಿದ್ದ ಡಾಕ್ಟರ್ ಪಲ್ಪು ಅವರು ಶಿಬಿರಗಳಲ್ಲಿ ಹಗಲಿರುಳು ದುಡಿದರು. ನಮ್ಮಲ್ಲಿಯೂ ಎಲ್ಲವೂ ಶಾಂತವಾಗಿ ನಡೆಯಲಿಲ್ಲ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅದೇ ವರ್ಷ ಗಲಭೆಯಾಯಿತು. ಬೆಂಗಳೂರಿನ ಮಲ್ಲೇಶ್ವರ ಬಸವನಗುಡಿಗಳ ಅಗಲವಾದ ಬೀದಿಗಳನ್ನೂ, ಅಲ್ಲಲ್ಲಿ ಉಳಿದಿರುವ ಪ್ಲೇಗ್ ಮಾರಮ್ಮನ ಗುಡಿಗಳನ್ನೂ ಆ ಕಾಲದ ಸ್ಮಾರಕಗಳೆಂದು ತೋರಿಸುವ ವಾಡಿಕೆಯಿದೆ.

ಆದರೆ ಹಳ್ಳಿಗಳಲ್ಲಿ ಜನರು ತಾವೇ ಕಂಡುಕೊಂಡ ಉಪಾಯವೊಂದಿತ್ತು. ಇಲಿ ಬಿದ್ದಿತೆಂದರೆ ಊರು ಬಿಡುವುದು. ಬಯಲಿನಲ್ಲಿ ಸೋಗೆಯ ಷೆಡ್ಡುಗಳನ್ನು ಹಾಕಿಕೊಂಡು ತಿಂಗಳುಗಟ್ಟಲೆ ಅಲ್ಲಿಯೇ ಇರುವುದು. ಇದರಿಂದ ಇಲಿಗಳ ಸಹವಾಸವು ತಪ್ಪುತ್ತಿತ್ತು. ಮನೆಯವರು ಒಬ್ಬರನ್ನೊಬ್ಬರು ಅಗಲುತ್ತಲೂ ಇರಲಿಲ್ಲ. ನನ್ನ ಅಜ್ಜಿಯು ಅರಸೀಕೆರೆಯ ಕಡೆಯ ಒಂದು ಗ್ರಾಮದಲ್ಲಿ ಹುಟ್ಟಿದವಳು. ಎಂಟು ವರ್ಷದವಳಾಗಿದ್ದಾಗ ಷೆಡ್ಡಿನಲ್ಲಿ ಕಳೆದ ಮೂರು ತಿಂಗಳನ್ನು ಆಕೆ ಒಂದು ಜಾತ್ರೆಯನ್ನು ವರ್ಣಿಸುವಂತೆ ವರ್ಣಿಸುತ್ತಿದ್ದಳು: ಬೆಳುದಿಂಗಳಲ್ಲಿ ಊಟ, ಸೋದರತ್ತೆಯ ಮಕ್ಕಳೊಡನೆ ಒಂದೇ ಚಾಪೆಯಲ್ಲಿ ನಿದ್ರೆ, ಮಠಕ್ಕೆ ರಜ. ‘ಅಮ್ಮನಿಗೂ ಸಂತೋಷವಾಗಿತ್ತೇ?’ ಎಂದು ನಾನೊಮ್ಮೆ ಕೇಳಿದೆನು. ಅಜ್ಜಿ ತಡೆದು, ‘ಅವಳು ರಾತ್ರಿ ನಮ್ಮ ತೊಡೆಯ ಸಂದನ್ನೂ ಕಂಕುಳನ್ನೂ ಮುಟ್ಟಿಮುಟ್ಟಿ ನೋಡುತ್ತಿದ್ದಳು. ಕಚಗುಳಿಯೆಂದು ನಾವು ನಗುತ್ತಿದ್ದೆವು’ ಎಂದಳು. ಗಡ್ಡೆ ಎದ್ದಿದೆಯೇ ಎಂದು ತಾಯಿಯು ನೋಡುತ್ತಿದ್ದಳೆಂಬುದು ಅಜ್ಜಿಗೆ ಅರ್ಥವಾದದ್ದು ತಾನೂ ತಾಯಿಯಾದ ಮೇಲಂತೆ. ಒಂದೇ ಸೂರಿನ ಕೆಳಗೆ, ಒಂದೇ ರೋಗದ ನೆರಳಿನಲ್ಲಿ, ಮಗುವಿನ ಮನಸ್ಸೂ ತಾಯಿಯ ಮನಸ್ಸೂ ಎಷ್ಟು ದೂರದಲ್ಲಿರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತವನ್ನು ನಾನು ಕಾಣೆನು.

ಎಲ್ಲ ತಾಯಂದಿರ ಕೈಗೂ ಬರಿಯ ಚರ್ಮವೇ ಸಿಗಲಿಲ್ಲ. ಭೈರಪ್ಪನವರು 1970ರಲ್ಲಿ ಪ್ರಕಟಿಸಿದ ‘ಗೃಹಭಂಗ’ದಲ್ಲಿ ನಂಜಮ್ಮನ ಬೆಳೆದ ಮಗಳೂ ಹಿರಿಯ ಮಗನೂ ಪ್ಲೇಗಿನಲ್ಲಿ ಒಟ್ಟಿಗೆ ತೀರಿಕೊಳ್ಳುತ್ತಾರೆ. ಅದನ್ನು ಓದಿದವರಿಗೆ ಅದು ಕೇವಲ ಕಲ್ಪನೆಯಾಗಿ ತೋರದು. ಗ್ರಂಥಕರ್ತರು ತಮ್ಮ ಬಾಲ್ಯದಲ್ಲಿಯೇ ಒಡಹುಟ್ಟಿದವರನ್ನು ಅದೇ ರೋಗದಲ್ಲಿ ಕಳೆದುಕೊಂಡವರು. ನಂಜಮ್ಮನು ಆ ಮೇಲೆಯೂ ಲೆಕ್ಕದ ಪುಸ್ತಕಗಳನ್ನು ಬರೆಯುತ್ತಾಳೆ, ಉಳಿದ ಮಗನಿಗೆ ಅಡಿಗೆ ಮಾಡುತ್ತಾಳೆ. ಆಧಿಯು ಹೊರಗೆ ಕಾಣುವುದು ಹೀಗೆಯೇ. ಅದು ಕೆಲಸವನ್ನು ನಿಲ್ಲಿಸುವುದಿಲ್ಲ.

1918ರ ಇನ್‌ಫ್ಲುಯೆಂಜಾ ಜ್ವರವು ಬೇರೊಂದು ಬಗೆಯದು. ಆ ವರ್ಷದ ಬೇಸಗೆಯ ಕೊನೆಯಲ್ಲಿ ಮುಂಬಯಿ ಬಂದರಿನಿಂದ ಒಳನಾಡಿಗೆ ಹರಡಿ, ಶರತ್ಕಾಲದಲ್ಲಿ ಘೋರರೂಪವನ್ನು ತಾಳಿ, ಭಾರತದಲ್ಲಿ ಒಂದು ಕೋಟಿಗೂ ಮಿಕ್ಕಿದ ಜನರನ್ನು ಕೊಂದಿತು. 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆಯೇ ಹತ್ತು ವರ್ಷದ ಹಿಂದಿದ್ದುದಕ್ಕಿಂತ ಕಡಿಮೆಯಾಗಿತ್ತು. ಮುದುಕರನ್ನೂ ಶಿಶುಗಳನ್ನೂ ಹಿಡಿಯತಕ್ಕ ಜ್ವರವು ಆ ಸಲ ಇಪ್ಪತ್ತರಿಂದ ನಲವತ್ತರೊಳಗಿನ ಪ್ರಾಯದವರನ್ನು ವಿಶೇಷವಾಗಿ ಹಿಡಿಯಿತು. ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚಾಗಿ ಸತ್ತರು. ಎಂದರೆ ಅದು ಕೊಂದದ್ದು ತಾಯಂದಿರನ್ನು. ಗಾಂಧೀಜಿಯವರ ಜ್ಯೇಷ್ಠಪುತ್ರ ಹರಿಲಾಲನು ತನ್ನ ಹೆಂಡತಿ ಗುಲಾಬಳನ್ನೂ ಒಬ್ಬ ಎಳೆಯ ಮಗನನ್ನೂ ಈ ಜ್ವರದಲ್ಲಿ ಕಳೆದುಕೊಂಡನು. ಉಳಿದ ಮಕ್ಕಳನ್ನು ಕಸ್ತೂರಬಾ ಅವರೂ ತಾಯಿಯ ಕಡೆಯ ಬಂಧುಗಳೂ ಸಾಕಿದರು. ಹರಿಲಾಲನ ಮುಂದಿನ ಬಾಳು ಕುಡಿತದಲ್ಲಿಯೂ ಅಲೆದಾಟದಲ್ಲಿಯೂ ಹಾಳಾದುದಕ್ಕೆ ತಂದೆಯೊಡನೆ ಇದ್ದ ವಿರಸವನ್ನೇ ಕಾರಣವಾಗಿ ಹೇಳುವುದು ರೂಢಿ. ಅದು ಮೊದಲೇ ಇದ್ದಿತೆಂಬುದೂ ನಿಜ. ಆದರೂ ಆ ಮನೆಯ ಕಥೆಯನ್ನು ಹೇಳುವವರು 1918ನ್ನು ಇಷ್ಟು ಬೇಗ ದಾಟಿಹೋಗುವುದು ನನಗೆ ಸರಿಬೀಳುವುದಿಲ್ಲ. ಹಿಂದಿಯ ಕವಿ ನಿರಾಲಾ ಅವರ ಪತ್ನಿಯೂ ಅದೇ ಜ್ವರದಲ್ಲಿ ಹೋದಳು. ಆಗ ಹಸುಗೂಸಾಗಿದ್ದ ಮಗಳು ಸರೋಜಳು ಅಜ್ಜಿಯ ಮನೆಯಲ್ಲಿ ಬೆಳೆದು 1935ರಲ್ಲಿ ತಾನೂ ತೀರಿಕೊಂಡಾಗ ಕವಿಯು ಬರೆದ ಶೋಕಗೀತೆಯು ಪ್ರಸಿದ್ಧವಾಗಿದೆ.

ಇನ್ನು ನಾವೇ ಕಂಡ ಕಾಲ. ಕೋವಿಡ್ ರೋಗದಿಂದ ದೇಶದಲ್ಲಿ ಸಂಭವಿಸಿದ ಮೊದಲನೆಯ ಮರಣವು 2020ರ ಮಾರ್ಚಿಯಲ್ಲಿ ನಮ್ಮ ಕಲಬುರಗಿಯದು. ಆ ತಿಂಗಳ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಪ್ಲೇಗಿನ ಕಾಲದಲ್ಲಿ ಸರ್ಕಾರವು ಮನೆಯನ್ನು ಒಡೆದಿತು. ಈ ಸಲ ಮನೆಯವರನ್ನು ಒಟ್ಟಿಗೆ ಕೂಡಿಹಾಕಿತು. ಒಟ್ಟಿಗಿದ್ದರೆ ಆಧಿ ಇರುವುದಿಲ್ಲವೆಂದು ಮೇಲಿನದನ್ನೆಲ್ಲ ಓದಿದವರು ಎಣಿಸಿದರೆ ತಪ್ಪಿಲ್ಲ. ನಾನೂ ಹಾಗೆಯೇ ಎಣಿಸಿದ್ದೆನು. ಆದರೆ ಕೂಲಿ ನಿಂತ ತಂದೆ, ಒಂದೇ ಕೋಣೆ, ಮನೆಗೆಲ್ಲ ಒಂದೇ ಫೋನು, ಅದರಲ್ಲಿ ಮೂವರು ಮಕ್ಕಳಿಗೆ ಪಾಠ. ಆ ವರ್ಷ ಆಗಸ್ಟಿನಲ್ಲಿ ಆರಂಭವಾದ ವಿದ್ಯಾಗಮ ಯೋಜನೆಯಂತೆ ನಾವು ಉಪಾಧ್ಯಾಯರು ಗುಡಿಯ ಜಗಲಿಗಳಲ್ಲಿಯೂ ಮರದಡಿಯಲ್ಲಿಯೂ ಪಾಠ ಹೇಳಿದೆವು. ಸೋಂಕಿನ ಭಯದಿಂದ ಅದೂ ಅಕ್ಟೋಬರಿನಲ್ಲಿ ನಿಂತಿತು. ಆ ಮೊದಲನೆಯ ವರ್ಷದಲ್ಲಿ ಲೋಕದಲ್ಲೆಲ್ಲ ಚಿಂತಾರೋಗ ಖಿನ್ನತೆಗಳು ನೂರಕ್ಕೆ 25ರಷ್ಟು ಹೆಚ್ಚಿದುವೆಂದು ವಿಶ್ವ ಆರೋಗ್ಯ ಸಂಸ್ಥೆಯವರು 2022ರಲ್ಲಿ ಪ್ರಕಟಿಸಿದರು. ಆಧಿಗೂ ಕಡೆಗೊಂದು ಲೆಕ್ಕವು ಬಂದಿತೆಂದು ಅದನ್ನು ಓದಿದಾಗ ನನಗೆ ತೋರಿತು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿಗಳನ್ನು ಕೊಡತಕ್ಕ ಬಾಲಸೇವಾ ಯೋಜನೆಯನ್ನು ನಮ್ಮ ರಾಜ್ಯವು 2021ರ ಮೇ ತಿಂಗಳಲ್ಲಿ ಸಾರಿತು.

ಲೆಕ್ಕದಲ್ಲಿ ಬಾರದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಅದರಲ್ಲಿ ತಪ್ಪು ನನ್ನದೇ. 2021ರ ಆಗಸ್ಟ್ 23ರಂದು ಒಂಬತ್ತು ಹತ್ತನೆಯ ತರಗತಿಗಳು ಮತ್ತೆ ಆರಂಭವಾದುವು. ನಾನು ಆಗ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದೆನು. ಒಂಬತ್ತನೆಯ ತರಗತಿಯ ಒಬ್ಬ ಹುಡುಗನು ಪ್ರತಿದಿನವೂ ಮಧ್ಯಾಹ್ನಕ್ಕೆ ಮುಂಚೆಯೇ ಕೇಳದೆ ಮನೆಗೆ ಓಡುತ್ತಿದ್ದನು. ಒಂದೂವರೆ ವರ್ಷದಲ್ಲಿ ಶಿಸ್ತು ಕೆಟ್ಟಿದೆಯೆಂದು ನಾನು ತಿಳಿದು, ಎಲ್ಲ ವಿದ್ಯಾರ್ಥಿಗಳ ಮುಂದೆ ಅವನನ್ನು ನಿಲ್ಲಿಸಿ ಕಠಿಣವಾಗಿ ಗದರಿಸಿದೆನು. ಅವನು ತಲೆ ತಗ್ಗಿಸಿ ನಿಂತನು, ಏನನ್ನೂ ಹೇಳಲಿಲ್ಲ. ಮರುದಿನವೂ ಓಡಿದನು. ಅವನ ತಂದೆಯು ಮೇ ತಿಂಗಳಲ್ಲಿ ಆಸ್ಪತ್ರೆಗೆ ಹೋದವನು ಹಿಂದಿರುಗಲಿಲ್ಲವೆಂದೂ, ಮುಖವನ್ನು ಸಹ ಯಾರಿಗೂ ತೋರಿಸಲಿಲ್ಲವೆಂದೂ, ತಾಯಿಯು ಇನ್ನೂ ಇದ್ದಾಳೆಯೇ ಎಂದು ನೋಡಿಬರುವುದಕ್ಕಾಗಿ ಹುಡುಗನು ಹೋಗುತ್ತಿದ್ದನೆಂದೂ ನನಗೆ ತಿಳಿಸಿದವರು ಬಿಸಿಯೂಟದ ಅಡಿಗೆಯವರು. ಅವರಿಗೆ ಮತ್ತೂ ಒಂದು ವಿಷಯ ಗೊತ್ತಿತ್ತು. ಹುಡುಗನು ಹೊರಟ ಮೇಲೆ ತಾಯಿಯೂ ಕೆಲಸವನ್ನು ಬಿಟ್ಟು, ಶಾಲೆಯ ಬೇಲಿಯ ಆಚೆ ಹೊಂಗೆಯ ಮರದಡಿಯಲ್ಲಿ ಸ್ವಲ್ಪ ಹೊತ್ತು ನಿಂತು, ಅವನು ಕುಳಿತಿದ್ದ ಕಿಟಕಿಯನ್ನು ನೋಡಿ ಹೋಗುತ್ತಿದ್ದಳು. ಒಬ್ಬರು ನೋಡುವುದು ಮತ್ತೊಬ್ಬರಿಗೆ ಗೊತ್ತಿರಲಿಲ್ಲ.

ನಾನು ಹುಡುಗನನ್ನು ಕರೆಸಿ ಕ್ಷಮೆ ಕೇಳಿದೆನು. ಮೂವತ್ತು ವರ್ಷಕ್ಕಿಂತ ಹೆಚ್ಚಿನ ಅಧ್ಯಾಪನದಲ್ಲಿ ವಿದ್ಯಾರ್ಥಿಯ ಕ್ಷಮೆಯನ್ನು ಕೇಳಿದ್ದು ಅದೊಂದೇ ಸಲ; ಕೇಳಬೇಕಾಗಿದ್ದ ಸಂದರ್ಭಗಳು ಬೇರೆಯೂ ಇದ್ದಿರಬಹುದು. ಊಟದ ವೇಳೆಯಲ್ಲಿ ಮನೆಗೆ ಹೋಗಿಬರಲು ಅವನಿಗೆ ಅಪ್ಪಣೆ ಕೊಟ್ಟೆವು; ತಾಯಿಗೂ ಮರದಡಿಯಲ್ಲಿ ನಿಲ್ಲುವ ಬದಲು ಒಳಗೆ ಬಂದು ಕುಳಿತುಕೊಳ್ಳಬಹುದೆಂದು ಹೇಳಿಕಳುಹಿಸಿದೆವು. ದೀಪಾವಳಿಯಾದ ಕೆಲವು ವಾರಗಳಲ್ಲಿ ಹುಡುಗನು ಹೋಗುವುದನ್ನು ತಾನಾಗಿಯೇ ಬಿಟ್ಟನು. ನಾನು ಮರುವರ್ಷ ನಿವೃತ್ತನಾದೆನು. ತಾಯಿಯು ಒಳಗೆ ಬರಲೇ ಇಲ್ಲವೆಂದೂ, ಅವನ ಹತ್ತನೆಯ ತರಗತಿಯ ಪರೀಕ್ಷೆ ಮುಗಿಯುವವರೆಗೂ ಹೊಂಗೆಯ ಮರದಡಿಗೆ ಬರುತ್ತಿದ್ದಳೆಂದೂ ಸಹೋದ್ಯೋಗಿಗಳು ತಿಳಿಸಿದರು.