ತುಂಬಿದ ಹೊಟ್ಟೆ, ನೊಂದ ಹೊಟ್ಟೆ

ಒಳಾಂಗಗಳಿಗೆ ಕತ್ತಿಯ ಅರಿವಿಲ್ಲ. ಸ್ಥಳೀಯ ಅರಿವಳಿಕೆ ಕೊಟ್ಟು ಹೊಟ್ಟೆ ತೆರೆಯುತ್ತಿದ್ದ ಸ್ವೀಡನ್ನಿನ ಶಸ್ತ್ರವೈದ್ಯ ಲೆನಾಂಡರ್ ಕಳೆದ ಶತಮಾನದ ಆರಂಭದಲ್ಲೇ ಇದನ್ನು ಗಮನಿಸಿದ್ದರು: ಕರುಳನ್ನು ಕೊಯ್ದರೂ ಸುಟ್ಟರೂ ರೋಗಿಗೆ ನೋವಾಗುತ್ತಿರಲಿಲ್ಲ. ಹಾಗಾದರೆ ಹೊಟ್ಟೆನೋವು ಎಲ್ಲಿಂದ ಬರುತ್ತದೆ? 1911ರಲ್ಲಿ ಲಂಡನ್ನಿನ ಆರ್ಥರ್ ಹರ್ಟ್ಸ್ ಉತ್ತರ ಕೊಟ್ಟರು: ಒಳಾಂಗದ ಗೋಡೆ ಬಿಗಿದು ಎಳೆದಾಗ. ಮುಂದಿನ ನೂರು ವರ್ಷ ಸಂಶೋಧಕರು ಬೆನ್ನು ಹತ್ತಿದ್ದು ಈ ಎಳೆತವನ್ನೇ.

ಮೊದಲ ದೊಡ್ಡ ಹೆಜ್ಜೆ ಭಾರತೀಯರೊಬ್ಬರದು. ಅವತಾರ್ ಸಿಂಗ್ ಪೈಂಟಲ್ 1954ರಲ್ಲಿ, ಬೆಕ್ಕಿನ ಜಠರ ಹಿಗ್ಗಿದಾಗ, ಹೊಟ್ಟೆಯಿಂದ ಮಿದುಳಿಗೆ ಸುದ್ದಿ ಒಯ್ಯುವ ವೇಗಸ್ ನರದ ಒಂಟಿ ಎಳೆಗಳು ಮಿಡಿಯುವುದನ್ನು ದಾಖಲಿಸಿದರು. ಹಸಿವು, ಬಾಯಾರಿಕೆ ತಣಿಯುವುದಕ್ಕೆ ಈ ಮಿಡಿತವೂ ಕಾರಣವಿರಬೇಕೆಂದರು. ಮರುವರ್ಷ ಐನ್ಸ್ಲಿ ಇಗ್ಗೊ ಅದಕ್ಕೊಂದು ತಿದ್ದುಪಡಿ ತಂದರು. ಜಠರ ಹಿಗ್ಗಿದಾಗ ಮಾತ್ರವಲ್ಲ, ತಾನೇ ಹಿಂಡಿಕೊಂಡಾಗಲೂ ಆ ಎಳೆಗಳು ಮಿಡಿಯುತ್ತಿದ್ದವು. ಅಂದರೆ ಅವು ಅಳೆಯುವುದು ಗಾತ್ರವನ್ನಲ್ಲ, ಗೋಡೆಯ ಬಿಗಿತವನ್ನು. ಈ ಇಡೀ ಕ್ಷೇತ್ರದಲ್ಲಿ ಇದಕ್ಕಿಂತ ಫಲವತ್ತಾದ ತಿಳಿವಳಿಕೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಊಟ ಇಳಿಯುತ್ತಿದ್ದಂತೆ ಆರೋಗ್ಯವಂತ ಜಠರದ ಮೇಲ್ಭಾಗ ಸಡಿಲಗೊಂಡು ಜಾಗ ಮಾಡಿಕೊಡುತ್ತದೆ. ಆ ಸಡಿಲಿಕೆ ತಪ್ಪಿದರೆ ನಾಲ್ಕು ತುತ್ತಿಗೇ ಹೊಟ್ಟೆ ಬಿಗಿಯುವುದೇಕೆಂದು ಇದರಿಂದ ಅರ್ಥವಾಗುತ್ತದೆ.

ಈ ಎಳೆಗಳ ತುದಿ ಎಲ್ಲಿದೆ ಎಂಬ ಪ್ರಶ್ನೆ ಬಹುಕಾಲ ಉಳಿಯಿತು. 2001ರಲ್ಲಿ ಆಸ್ಟ್ರೇಲಿಯದ ಜಾಗೊರೊಡ್ನಿಯುಕ್, ಬ್ರೂಕ್ಸ್ ಮತ್ತು ಸಂಗಡಿಗರು ಗಿನಿಯಿಲಿಯ ಜಠರದಲ್ಲಿ ಅದನ್ನು ತೋರಿಸಿದರು: ಸ್ನಾಯುಪದರಗಳ ನಡುವಿನ ನರಗಂಟುಗಳ ಮೇಲೆ ಹರಡಿಕೊಂಡ ಚಪ್ಪಟೆ ನರತುದಿಗಳು. 2016ರಲ್ಲಿ ಹಾರ್ವರ್ಡಿನ ಲಿಬರ್ಲೆಸ್ ತಂಡ ಇಲಿಗಳಲ್ಲಿ, ಹಿಗ್ಗುವಿಕೆಯನ್ನು ಗುರುತಿಸುವ ವೇಗಸ್ ನರಕೋಶಗಳೂ ಕರುಳಿಗಿಳಿದ ಆಹಾರಾಂಶವನ್ನು ಗುರುತಿಸುವ ಕೋಶಗಳೂ ಬೇರೆ ಬೇರೆ ಎಂದು ತೋರಿಸಿತು.

ನೋವಿನ ಕಥೆ ನಿಧಾನವಾಗಿ ಸಾಗಿತು, ಏಕೆಂದರೆ ಪ್ರಾಣಿ ತನ್ನ ನೋವನ್ನು ಹೇಳಲಾರದು. 1988ರಲ್ಲಿ ನೆಸ್ ಮತ್ತು ಗೆಬ್ಹಾರ್ಟ್ ಇಲಿಯ ದೊಡ್ಡಕರುಳನ್ನು ಬಲೂನಿನಿಂದ ಹಿಗ್ಗಿಸಿ, ಆ ಇಲಿ ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿಯುವುದನ್ನೇ ಅಳತೆಯಾಗಿ ಬಳಸಿದರು. 2002ರಲ್ಲಿ ಒಜಾಕಿ ಮತ್ತು ಗೆಬ್ಹಾರ್ಟ್ ತಂಡ ಅದೇ ಉಪಾಯವನ್ನು ಜಠರಕ್ಕೆ ತಂದಿತು; ಈ ಬಾರಿ ಅಳೆದದ್ದು ಕತ್ತಿನ ಬಳಿಯ ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು. ಜಠರದಲ್ಲಿ ಹುಣ್ಣಾದ ಇಲಿಗಳು ಅಷ್ಟೇ ಒತ್ತಡಕ್ಕೆ ಹೆಚ್ಚು ಬಲವಾಗಿ ಪ್ರತಿಕ್ರಿಯಿಸಿದವು. ನೋವಿನ ಸುದ್ದಿ ಮುಖ್ಯವಾಗಿ ಬೆನ್ನುಹುರಿಯತ್ತ ಸಾಗುವ ಸ್ಪ್ಲ್ಯಾಂಕ್ನಿಕ್ ನರಗಳಲ್ಲಿ, ತೃಪ್ತಿಯ ಸುದ್ದಿ ವೇಗಸ್‌ನಲ್ಲಿ ಎಂಬ ಚಿತ್ರವೂ ಕ್ರಮೇಣ ಗಟ್ಟಿಯಾಯಿತು. ಆದರೆ ಗೆರೆ ಅಷ್ಟು ನೇರವಾಗಿಲ್ಲ: ಸ್ಪ್ಲ್ಯಾಂಕ್ನಿಕ್ ಎಳೆಗಳಲ್ಲೂ ಹಲವು ಸಣ್ಣ ಒತ್ತಡಕ್ಕೇ ಮಿಡಿಯುತ್ತವೆ. ಸ್ನಾಯುವಿನ ಬಿಗಿತವನ್ನು ನೋವೆಂದೇ ಓದುವುದೂ ಸರಿಯಲ್ಲ, ಅದು ಪ್ರತಿವರ್ತನೆ. ಇಷ್ಟು ತಿಳಿಯಲು ಜೀವ ತೆತ್ತ ಪ್ರಾಣಿಗಳ ಋಣ ನಮ್ಮ ಮೇಲಿದೆ, ಅವುಗಳಿಂದ ಬಂದ ಮಾಹಿತಿಯನ್ನು ಉತ್ಪ್ರೇಕ್ಷಿಸದಿರುವುದು ಆ ಋಣದ ಭಾಗ.

ಹುಣ್ಣಾದ ಇಲಿಗಳ ಆ ಅತಿಸೂಕ್ಷ್ಮತೆಯನ್ನು ಹೋಲುವ ಸ್ಥಿತಿ ಮನುಷ್ಯರಲ್ಲೂ ಇದೆ. ಎಂಡೋಸ್ಕೋಪಿಯಲ್ಲಿ ಹುಣ್ಣಾಗಲಿ ಗಾಯವಾಗಲಿ ಕಾಣದ ಅಜೀರ್ಣದ ರೋಗಿಗಳಲ್ಲಿ ಹಲವರ ಜಠರ, ಇತರರಿಗೆ ಏನೂ ಅನಿಸದಷ್ಟು ಹಿಗ್ಗಿದಾಗಲೇ ನೋಯುತ್ತದೆ. ಅಂಥವರಿಗೆ ‘ನಿಮಗೇನೂ ಆಗಿಲ್ಲ’ ಎಂದು ಹೇಳಿ ಕಳಿಸುವ ವೈದ್ಯರು ದಯವಿಟ್ಟು ಆ ಮಾತನ್ನು ಬಿಡಬೇಕು.