ರಾಸಾಯನಿಕಗಳಿಂದ ಉಂಟಾಗುವ ಅಂಗಾಂಶ ಹಾನಿಯ ಅಧ್ಯಯನ: ಹಂಚಿಕೆಯ ಪ್ರಯೋಗಾಲಯ ಸೌಲಭ್ಯಗಳು

ಪೀಠಿಕೆ
ಕೀಟನಾಶಕ, ದ್ರಾವಕ, ವಿಷಾನಿಲ ಮುಂತಾದವುಗಳಿಂದ ಯಕೃತ್ತು, ಶ್ವಾಸಕೋಶ, ನರಮಂಡಲ ಇತ್ಯಾದಿ ಅಂಗಾಂಶಗಳಿಗೆ ಆಗುವ ಹಾನಿಯನ್ನು ಪರಿಶೀಲಿಸುವ ಉಪಕರಣಗಳು ದುಬಾರಿಯಾಗಿದ್ದು, ಎಲ್ಲ ಸಂಸ್ಥೆಗಳಲ್ಲಿಯೂ ಇರುವುದಿಲ್ಲ. ಆದುದರಿಂದ ಒಂದು ಸಂಸ್ಥೆಯ ಉಪಕರಣಗಳನ್ನು ಇತರ ಸಂಸ್ಥೆಗಳ ಸಂಶೋಧಕರೂ ಶುಲ್ಕ ಪಾವತಿಸಿ ಬಳಸಿಕೊಳ್ಳುವ ವ್ಯವಸ್ಥೆಯನ್ನು ಕಲ್ಪಿಸಲಾಗಿದೆ.

ಲಭ್ಯವಿರುವ ಸೌಲಭ್ಯಗಳು
ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ನಿರ್ವಹಿಸಲ್ಪಡುವ ಐ-ಸ್ಟೆಮ್ ಜಾಲತಾಣವು 2020ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ದೇಶದ ವಿವಿಧ ಸಂಸ್ಥೆಗಳಲ್ಲಿರುವ ಉಪಕರಣಗಳನ್ನು ಇದರಲ್ಲಿ ಹುಡುಕಿ ಕಾಯ್ದಿರಿಸಬಹುದಾಗಿದೆ. ಜೈವಿಕ ಅಂಗಾಂಶಗಳ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಪರೀಕ್ಷೆಗೆ ನವದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಪ್ರತ್ಯೇಕ ಸೌಲಭ್ಯವಿದೆ.

ಮಾದರಿ ಸಂಗ್ರಹಣೆಗೆ ಮುನ್ನ ಗಮನಿಸಬೇಕಾದ ಅಂಶಗಳು
ಯಾವ ಪರೀಕ್ಷೆ ಅಗತ್ಯವೆಂಬುದನ್ನು ಮಾದರಿ ತೆಗೆಯುವುದಕ್ಕೆ ಮೊದಲೇ ನಿರ್ಧರಿಸತಕ್ಕದ್ದು. ತಪ್ಪಾಗಿ ಸಂರಕ್ಷಿಸಿದ ಮಾದರಿಯನ್ನು ಅನಂತರ ಸರಿಪಡಿಸಲಾಗದು.

1. ಸಾಮಾನ್ಯ ಸೂಕ್ಷ್ಮದರ್ಶಕ ಪರೀಕ್ಷೆ: 3ರಿಂದ 5 ಮಿ.ಮೀ. ದಪ್ಪದ ತುಂಡುಗಳನ್ನು, ಅವುಗಳ ಗಾತ್ರದ ಕನಿಷ್ಠ 10 ಪಟ್ಟು ಪ್ರಮಾಣದ, ಶೇ. 10ರ ತಟಸ್ಥ ಫಾರ್ಮಲಿನ್ ದ್ರಾವಣದಲ್ಲಿ ಇಡಬೇಕು. ಹೆಪ್ಪುಗಟ್ಟಿಸಬಾರದು.
2. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಪರೀಕ್ಷೆ: ಸುಮಾರು 1 ಮಿ.ಮೀ. ತುಂಡುಗಳನ್ನು ತಕ್ಷಣವೇ ತಣ್ಣನೆಯ ಗ್ಲುಟರಾಲ್ಡಿಹೈಡ್ ದ್ರಾವಣಕ್ಕೆ ಹಾಕಬೇಕು.
3. ಕಿಣ್ವ ಮತ್ತು ಆರ್‌ಎನ್‌ಎ ಪರೀಕ್ಷೆ: ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು.

ಉದಾಹರಣೆ: ಕಾರ್ಬನ್ ಟೆಟ್ರಾಕ್ಲೋರೈಡ್‌ನಿಂದ ಯಕೃತ್ತಿಗೆ ಆದ ಹಾನಿಯು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿಯೇ ಗೋಚರಿಸುತ್ತದೆ. ಆದರೆ ಆರ್ಗನೋಫಾಸ್ಫೇಟ್ ಕೀಟನಾಶಕವು ಮುಖ್ಯವಾಗಿ ನರಗಳಲ್ಲಿನ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಕಿಣ್ವವನ್ನು ತಡೆಯುವುದರಿಂದ, ಅಂಗಾಂಶವು ನೋಡಲು ಸಹಜವಾಗಿಯೇ ಇರಬಹುದು. ಇಂತಹ ಸಂದರ್ಭದಲ್ಲಿ ಇಡೀ ಮಾದರಿಯನ್ನು ಫಾರ್ಮಲಿನ್‌ಗೆ ಹಾಕಿದಲ್ಲಿ ಕಿಣ್ವದ ಚಟುವಟಿಕೆ ನಷ್ಟವಾಗಿ, ವಿಷದ ಪರಿಣಾಮಕ್ಕೆ ಪುರಾವೆಯೇ ಉಳಿಯದು. ಸಂದೇಹವಿದ್ದಲ್ಲಿ ಮಾದರಿಯನ್ನು ಭಾಗಗಳಾಗಿ ವಿಂಗಡಿಸಿ, ಬೇರೆ ಬೇರೆ ವಿಧಾನಗಳಲ್ಲಿ ಸಂರಕ್ಷಿಸುವುದು ಸೂಕ್ತ.

ಅರ್ಜಿಯೊಂದಿಗೆ ಸಿದ್ಧಪಡಿಸಿಕೊಳ್ಳಬೇಕಾದ ವಿವರಗಳು
1. ಸಂಸ್ಥೆಯ ಮುಖ್ಯಸ್ಥರ ಅಥವಾ ಮಾರ್ಗದರ್ಶಕರ ಪತ್ರ.
2. ಮಾನವ ಮಾದರಿಯಾದಲ್ಲಿ ಸಾಂಸ್ಥಿಕ ನೈತಿಕ ಸಮಿತಿಯ ಅನುಮೋದನೆ. ಪ್ರಾಣಿ ಪ್ರಯೋಗವಾದಲ್ಲಿ ಸಾಂಸ್ಥಿಕ ಪ್ರಾಣಿ ನೈತಿಕ ಸಮಿತಿಯ ಅನುಮೋದನೆ.
3. ರಾಸಾಯನಿಕದ ಹೆಸರು, ಪ್ರಮಾಣ, ಸಂಪರ್ಕದ ಅವಧಿ ಹಾಗೂ ಮಾದರಿ ತೆಗೆದ ಸಮಯ.
4. ಮಾದರಿಯಲ್ಲಿ ಸೋಂಕು ಅಥವಾ ವಿಷದ ಅಪಾಯವಿದ್ದಲ್ಲಿ ಅದರ ಸ್ಪಷ್ಟ ಘೋಷಣೆ.

ಶುಲ್ಕ ಮತ್ತು ಸರದಿಯ ವಿವರಗಳನ್ನು ಆಯಾ ಸಂಸ್ಥೆಯಿಂದಲೇ ಪಡೆಯತಕ್ಕದ್ದು.

ವಿಶೇಷ ಸೂಚನೆ
ಈ ಸೌಲಭ್ಯಗಳು ಸಂಶೋಧನೆಗಾಗಿ ಮಾತ್ರ, ಚಿಕಿತ್ಸೆಗಾಗಿ ಅಲ್ಲ. ರಾಸಾಯನಿಕ ಸೇವನೆ ಅಥವಾ ಸಂಪರ್ಕದಿಂದ ಅಸ್ವಸ್ಥರಾದವರನ್ನು ವಿಳಂಬವಿಲ್ಲದೆ ಸಮೀಪದ ಆಸ್ಪತ್ರೆಗೆ ಕರೆದೊಯ್ದು, ಸಾಧ್ಯವಾದಲ್ಲಿ ಆ ರಾಸಾಯನಿಕದ ಡಬ್ಬಿ ಅಥವಾ ಚೀಟಿಯನ್ನು ವೈದ್ಯರಿಗೆ ತೋರಿಸಲು ಕೋರಲಾಗಿದೆ.