ಸಕ್ಕರೆಯ ಕಥೆಗೆ ಸ್ನಾಯು ಸೇರಿದ ಬಗೆ

ಪಾವಗಡ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟ ಐದು ಊರುಗಳಲ್ಲಿ ಕ್ಯಾತಗಾನಚೆರ್ಲು ಒಂದು. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು ಉಳಿದ ನಾಲ್ಕು. ಸುಮಾರು 13,000 ಎಕರೆ ನೆಲವನ್ನು ರೈತರು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ, ಮಳೆ ನಂಬಿ ಕಡಲೆಕಾಯಿ ಬಿತ್ತುತ್ತಿದ್ದ ಮನೆಗಳಿಗೆ ದೊಡ್ಡ ಆಸರೆ. ಆದರೆ ಆ ಹೊಲಗಳಲ್ಲಿ ಕಳೆ ಕೀಳಲು ಬಗ್ಗುತ್ತಿದ್ದ ಸೊಂಟ, ಹೊರೆ ಎತ್ತುತ್ತಿದ್ದ ತೋಳು, ದಿನವಿಡೀ ನಡೆಯುತ್ತಿದ್ದ ಕಾಲು, ಇವುಗಳ ದುಡಿಮೆಯೂ ಅಲ್ಲಿಗೇ ನಿಂತಿತು. ಬಾಡಿಗೆಯ ಲೆಕ್ಕದ ಜೊತೆಗೆ ಹಿರಿಯರ ಮೈಕಸುವಿನ ಲೆಕ್ಕವನ್ನೂ ಇಡಬೇಕು. ದುಡಿಮೆ ನಿಂತ ಸ್ನಾಯುವಿಗೂ ಸಕ್ಕರೆ ಕಾಯಿಲೆಗೂ ಇರುವ ನಂಟನ್ನು ಕಂಡುಕೊಳ್ಳಲು ವಿಜ್ಞಾನಕ್ಕೆ ಬಹುಕಾಲ ಹಿಡಿಯಿತು.

1921ರಲ್ಲಿ ಇನ್ಸುಲಿನ್ ಸಿಕ್ಕಾಗ, ಸಕ್ಕರೆ ಕಾಯಿಲೆಯೆಂದರೆ ಅದರ ಕೊರತೆ ಎಂದೇ ಬಗೆದಿದ್ದರು. ಇನ್ಸುಲಿನ್ ಕೊಟ್ಟರೂ ಸರಿಯಾಗಿ ಸ್ಪಂದಿಸದ ರೋಗಿಗಳಿದ್ದಾರೆಂದು 1936ರಲ್ಲಿ ತೋರಿಸಿದವರು ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್. 1960ರ ಹೊತ್ತಿಗೆ ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ರಕ್ತದ ಇನ್ಸುಲಿನ್ ಅಳೆದಾಗ ಹಿಮ್ಸ್‌ವರ್ತ್ ಮಾತು ಗಟ್ಟಿಯಾಯಿತು. ಇನ್ಸುಲಿನ್ ಕದ ತಟ್ಟಿದರೂ ತೆರೆಯದವರು ಯಾರು? 1970ರ ದಶಕದ ಕೊನೆಗೆ ರಾಲ್ಫ್ ಡಿಫ್ರಾನ್ಜೊ ರೂಪಿಸಿದ ಪರೀಕ್ಷೆ ಸ್ನಾಯುವಿನತ್ತ ಬೆರಳು ಮಾಡಿತು. ಇನ್ಸುಲಿನ್ ಏರಿದಾಗ ಸಕ್ಕರೆಯ ಬಹುಪಾಲು ಸೇರುವುದು ಅಲ್ಲಿಗೇ. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ.

ಇತ್ತ ಮುಪ್ಪಿನಲ್ಲಿ ಸ್ನಾಯು ಸವೆಯುವುದಕ್ಕೆ ಒಂದು ಹೆಸರೂ ಇರಲಿಲ್ಲ. 1980ರ ದಶಕದ ಕೊನೆಗೆ ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ ಅದನ್ನು ಸಾರ್ಕೊಪೀನಿಯಾ ಎಂದು ಕರೆದರು. ‘ವಯಸ್ಸಾಯ್ತಲ್ಲ’ ಎಂದು ಕೈಬಿಡುತ್ತಿದ್ದ ಸಂಗತಿ ಅಳೆಯುವ ವಿಷಯವಾಯಿತು. 1990ರಲ್ಲಿ ಮರಿಯಾ ಫಿಯಟರೋನ್ ಬಾಸ್ಟನ್ನಿನಲ್ಲಿ ತೊಂಬತ್ತರ ಆಸುಪಾಸಿನವರಿಂದ ಎಂಟು ವಾರ ಕಾಲಿನಲ್ಲಿ ಭಾರ ಎತ್ತಿಸಿದರು. ಕೊನೆವರೆಗೂ ನಿಂತ ಒಂಬತ್ತು ಮಂದಿಯ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು! ಇದರ ತಿರುವುಮುರುವು 2013ರಲ್ಲಿ ಕೆನಡಾದಲ್ಲಿ ಕಂಡಿತು. ಆರೋಗ್ಯವಂತ ಹಿರಿಯರು ಎರಡೇ ವಾರ ನಡಿಗೆಯನ್ನು ಕಾಲುಭಾಗಕ್ಕೆ ಇಳಿಸಿದ್ದಕ್ಕೆ ಕಾಲಿನ ಸ್ನಾಯು ಸುಮಾರು ಶೇ 4ರಷ್ಟು ಕರಗಿತು, ಇನ್ಸುಲಿನ್‌ಗೆ ಮೈ ಸ್ಪಂದಿಸುವುದೂ ತಗ್ಗಿತು.

ಭಾರತೀಯರಾದ ನಮ್ಮ ಮೈಗೆ ಸ್ನಾಯುವಿನ ಈ ನಷ್ಟ ಇನ್ನಷ್ಟು ದುಬಾರಿ. ಪುಣೆಯ ಚಿತ್ತರಂಜನ್ ಯಾಜ್ಞಿಕ್ ತೋರಿಸಿದಂತೆ ಇಲ್ಲಿನ ಕೂಸುಗಳು ಹುಟ್ಟುವಾಗಲೇ ಸ್ನಾಯುವಿನಲ್ಲಿ ಬಡವು, ಕೊಬ್ಬಿನಲ್ಲಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಬರೆದಿಟ್ಟ ಹೆರಿಗೆ ದಾಖಲೆಗಳನ್ನು ಹಿಡಿದು ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು, ಅಲ್ಲಿ ಹುಟ್ಟಿ ನಡುವಯಸ್ಸಿಗೆ ಬಂದಿದ್ದವರನ್ನು ಹುಡುಕಿದರು. ಕುಳ್ಳಗೆ, ದುಂಡಗೆ ಹುಟ್ಟಿದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿತ್ತೆಂದು 1998ರಲ್ಲಿ ಪ್ರಕಟಿಸಿದರು. ಸೂಲಗಿತ್ತಿಯರು ಶ್ರದ್ಧೆಯಿಂದ ಬರೆದ ತೂಕ, ಉದ್ದಗಳು ಅರ್ಧ ಶತಮಾನದ ಮೇಲೆ ಜಗತ್ತಿನ ವಿಜ್ಞಾನಕ್ಕೆ ಒದಗಿದವು.

ಪಾವಗಡದಲ್ಲಿ ಇನ್ನೊಂದು ತೊಡಕಿದೆ. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಕೀಲು ಬಿಗಿದವರಿಗೆ ‘ನಡೀರಿ’ ಎಂದಷ್ಟೇ ಹೇಳಿದರೆ ಸಾಲದು. ಕೂತಲ್ಲೇ ಕಾಲು ಚಾಚುವ, ಭಾರ ಎತ್ತುವ ಅಭ್ಯಾಸ ಬೇಕು; ಮುದ್ದೆಯ ಜೊತೆ ತಟ್ಟೆಗೆ ಕಾಳು, ಮೊಟ್ಟೆಯೂ ಬರಬೇಕು.

ಏಷ್ಯಾದ ತಜ್ಞರು 2019ರಲ್ಲಿ ಒಪ್ಪಿದ ಅಳತೆ ಸರಳವಾಗಿದೆ. ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಸ್ನಾಯು ಸೋತಿರಬಹುದು. ಶುಗರ್ ನೋಡಲು ಬೆರಳು ಚುಚ್ಚುವ ಆರೋಗ್ಯ ಕೇಂದ್ರಗಳು ಪಕ್ಕದಲ್ಲೊಂದು ಕುರ್ಚಿಯನ್ನೂ ಇಡಲಿ.